ಪಟ್ಟಣದ ತಿಪ್ಪೆ ಎಲ್ಲಿದೆ?

ಮಕ್ಕಳೇ, ಹಳ್ಳಿಯ ತಿಪ್ಪೆಯನ್ನು ನೀವು ನೋಡಿದ್ದೀರಲ್ಲವೇ? ಕೊಟ್ಟಿಗೆಯ ಸಗಣಿ, ದನ ತಿಂದು ಉಳಿಸಿದ ಹುಲ್ಲು, ಒಲೆಯ ಬೂದಿ, ತರಕಾರಿ ಸಿಪ್ಪೆ, ಅಂಗಳದ ತರಗೆಲೆ ಎಲ್ಲವೂ ಅಲ್ಲಿಗೆ ಹೋಗುತ್ತವೆ. ಕೊಳೆತು ಗೊಬ್ಬರವಾದ ಮೇಲೆ ಬಿತ್ತನೆಗೆ ಮುಂಚೆ ಗಾಡಿ ಏರಿ ಹೊಲ ಸೇರುತ್ತವೆ. ಹೊಲದಲ್ಲಿ ರಾಗಿ ಬೆಳೆಯುತ್ತದೆ. ರಾಗಿ ನಮ್ಮ ಹೊಟ್ಟೆಗೆ, ರಾಗಿಹುಲ್ಲು ದನದ ಹೊಟ್ಟೆಗೆ. ಮತ್ತೆ ಸಗಣಿ, ಮತ್ತೆ ತಿಪ್ಪೆ, ಮತ್ತೆ ಹೊಲ. ಎಲ್ಲಿಂದ ಹೊರಟೆವೋ ಅಲ್ಲಿಗೇ ಬಂದೆವು. ಇದೊಂದು ಚಕ್ರ.

ಈಗ ಒಂದು ಪ್ರಶ್ನೆ. ಬೆಂಗಳೂರಿನಲ್ಲಿ ಇಂದು ಒಂದು ಕೋಟಿಗೂ ಹೆಚ್ಚು ಜನರಿದ್ದಾರೆ. ಅವರೆಲ್ಲರೂ ದಿನವೂ ಉಣ್ಣುತ್ತಾರೆ, ಸ್ನಾನ ಮಾಡುತ್ತಾರೆ, ದೀಪ ಹಚ್ಚುತ್ತಾರೆ, ಕಸ ಎಸೆಯುತ್ತಾರೆ. ಹಾಗಾದರೆ ಬೆಂಗಳೂರಿನ ತಿಪ್ಪೆ ಎಲ್ಲಿದೆ? ಅದರ ಗೊಬ್ಬರ ಯಾವ ಹೊಲಕ್ಕೆ ಹೋಗುತ್ತದೆ? ಬನ್ನಿ, ಹುಡುಕೋಣ. ನೀವು ಯಾವ ಊರಿನಲ್ಲಿ ಓದುತ್ತಿದ್ದರೂ ಸರಿ, ಈ ಹುಡುಕಾಟದಲ್ಲಿ ನಿಮ್ಮ ಊರೂ ಸಿಗಬಹುದು.

ನಗರಕ್ಕೂ ಹಸಿವು

ನಮ್ಮ ದೇಹ ಆಹಾರ, ನೀರು, ಗಾಳಿಯನ್ನು ಒಳಗೆ ತೆಗೆದುಕೊಳ್ಳುತ್ತದೆ. ಅದರಲ್ಲಿ ಒಂದು ಭಾಗದಿಂದ ಎಲುಬು, ಮಾಂಸ ಬೆಳೆಯುತ್ತವೆ. ಒಂದು ಭಾಗ ನಮಗೆ ಓಡಾಡಲು ಶಕ್ತಿ ಕೊಡುತ್ತದೆ. ಬೇಡವಾದದ್ದು ಹೊರಗೆ ಹೋಗುತ್ತದೆ. ದೇಹದೊಳಗೆ ನಡೆಯುವ ಈ ರಾಸಾಯನಿಕ ಕೆಲಸಗಳಿಗೆಲ್ಲ ಸೇರಿ ಚಯಾಪಚಯ ಎಂದು ಹೆಸರು.

ನಗರವನ್ನೂ ಹೀಗೆಯೇ ನೋಡಬಹುದು ಎಂದವರು ಅಮೆರಿಕದ ಏಬಲ್ ವೋಲ್ಮನ್. ಕುಡಿಯುವ ನೀರನ್ನು ಶುದ್ಧಗೊಳಿಸುವ ವಿಷಯದಲ್ಲಿ ಅವರು ದೊಡ್ಡ ತಜ್ಞರು. 1965ರಲ್ಲಿ ಅವರು ಹತ್ತು ಲಕ್ಷ ಜನರಿರುವ ಒಂದು ಅಮೆರಿಕನ್ ನಗರವನ್ನು ಕಲ್ಪಿಸಿಕೊಂಡು ಅದರ ದಿನದ ಲೆಕ್ಕ ಬರೆದರು. ಒಳಗೆ ಹೋಗುವುದು 6,25,000 ಟನ್ ನೀರು, 2,000 ಟನ್ ಆಹಾರ, 9,500 ಟನ್ ಇಂಧನ. ಹೊರಗೆ ಬರುವುದು 5,00,000 ಟನ್ ಕೊಳಚೆ ನೀರು, 2,000 ಟನ್ ಕಸ, ಗಾಳಿಗೆ ಸೇರುವ 950 ಟನ್ ಮಾಲಿನ್ಯ. ಇದು ಒಂದೇ ದಿನದ ಲೆಕ್ಕ!

ಅಂಗಡಿಯವರು ಜಮಾ-ಖರ್ಚಿನ ಪುಸ್ತಕ ಇಡುವಂತೆ ನಗರಕ್ಕೂ ಒಂದು ಲೆಕ್ಕದ ಪುಸ್ತಕ ಬೇಕು ಎಂಬುದು ಅವರ ಮಾತಿನ ಸಾರ. ನಾವೀಗ ಬೆಂಗಳೂರಿನ ಲೆಕ್ಕದ ಪುಸ್ತಕ ತೆರೆಯೋಣ.

ನೀರು ಬೆಟ್ಟ ಹತ್ತುತ್ತದೆ

ನೀರು ತಗ್ಗಿಗೆ ಹರಿಯುತ್ತದೆ ಎಂದು ನಿಮಗೆ ಗೊತ್ತು. ಆದರೆ ಬೆಂಗಳೂರಿನ ನೀರು ಎತ್ತರಕ್ಕೆ ಹರಿಯುತ್ತದೆ!

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅದರ ಪಕ್ಕದಲ್ಲಿ ದೊಡ್ಡ ನದಿಯಿಲ್ಲ. ಅದಕ್ಕೇ ಹಿಂದಿನವರು ಕೆರೆಗಳನ್ನು ಕಟ್ಟಿದರು. ಊರು ಬೆಳೆದಂತೆ ಕೆರೆಗಳು ಸಾಲದಾದವು. 1896ರಲ್ಲಿ ಹೆಸರಘಟ್ಟ ಕೆರೆಯಿಂದ ಕೊಳವೆಯಲ್ಲಿ ನೀರು ಬಂತು. 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದ ನೀರು ಬಂತು. ಅದೂ ಸಾಲದೆ 1974ರಲ್ಲಿ ಕಾವೇರಿ ನೀರು ಬಂತು. ಕಾವೇರಿ ಯೋಜನೆಯ ಐದನೆಯ ಹಂತ 2024ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಎಲ್ಲ ಹಂತಗಳನ್ನೂ ಸೇರಿಸಿದರೆ ದಿನಕ್ಕೆ ಸುಮಾರು 220 ಕೋಟಿ ಲೀಟರ್ ನೀರು ತರುವ ಸಾಮರ್ಥ್ಯವಿದೆ.

ಈ ನೀರನ್ನು ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಳಿಸಿ ಮೇಲಕ್ಕೆ ತಳ್ಳುತ್ತಾರೆ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಹೀಗೆ ಮೂರು ಕಡೆ ದೈತ್ಯ ಪಂಪುಗಳಿವೆ. ದೂರ ಸುಮಾರು 100 ಕಿಲೋಮೀಟರ್, ಏರು ಸುಮಾರು 500 ಮೀಟರ್. ಬೆಂಗಳೂರಿನ ನೆಲಮಟ್ಟದಿಂದ ನಂದಿಬೆಟ್ಟದ ತುದಿಗೆ ಹೆಚ್ಚುಕಡಿಮೆ ಇಷ್ಟೇ ಏರು. ತುಂಬಿದ ಬಿಂದಿಗೆ ಹೊತ್ತು ನಂದಿಬೆಟ್ಟ ಹತ್ತುವುದನ್ನು ಊಹಿಸಿಕೊಳ್ಳಿ. ಬೆಂಗಳೂರಿಗೆ ಬರುವ ಕಾವೇರಿ ನೀರಿನ ಪ್ರತಿ ಬಿಂದಿಗೆಯೂ ಅಷ್ಟು ಎತ್ತರ ಏರಿ ಬಂದಿರುತ್ತದೆ.

ಇದಕ್ಕೆ ಎಷ್ಟು ಶಕ್ತಿ ಬೇಕು? ನಾವೇ ಲೆಕ್ಕ ಹಾಕಬಹುದು. ಒಂದು ಕಿಲೋಗ್ರಾಂ ತೂಕವನ್ನು ಒಂದು ಮೀಟರ್ ಎತ್ತಲು ಸುಮಾರು 10 ಜೂಲ್ ಶಕ್ತಿ ಬೇಕು. ಒಂದು ಸಾವಿರ ಲೀಟರ್ ನೀರಿನ ತೂಕ ಒಂದು ಸಾವಿರ ಕಿಲೋಗ್ರಾಂ. ಅದನ್ನು 500 ಮೀಟರ್ ಎತ್ತಲು 1,000 × 500 × 10 = 50 ಲಕ್ಷ ಜೂಲ್. ಒಂದು ಯೂನಿಟ್ ವಿದ್ಯುತ್ ಎಂದರೆ 36 ಲಕ್ಷ ಜೂಲ್. ಆದ್ದರಿಂದ ಸಾವಿರ ಲೀಟರ್ ನೀರು ಏರಿಸಲು ಕನಿಷ್ಠ 1.4 ಯೂನಿಟ್ ವಿದ್ಯುತ್ ಬೇಕು. ಇಷ್ಟರಲ್ಲಿ 9 ವ್ಯಾಟ್‌ನ ಒಂದು ಎಲ್‌ಇಡಿ ಬಲ್ಬನ್ನು ದಿನಕ್ಕೆ 5 ಗಂಟೆಯಂತೆ ಒಂದು ತಿಂಗಳು ಉರಿಸಬಹುದು. ಪಂಪು, ಕೊಳವೆಗಳಲ್ಲಿ ನಷ್ಟವಾಗುವ ಶಕ್ತಿಯನ್ನು ನಾವು ಇಲ್ಲಿ ಸೇರಿಸಿಲ್ಲ. ಅದನ್ನೂ ಸೇರಿಸಿದರೆ ಖರ್ಚು ಇನ್ನೂ ಹೆಚ್ಚು.

ನೋಡಿದಿರಾ? ಬೆಂಗಳೂರಿನಲ್ಲಿ ನಲ್ಲಿ ಸೋರಿದರೆ ನೀರಿನ ಜೊತೆ ವಿದ್ಯುತ್ತೂ ಸೋರುತ್ತದೆ.

ದೀಪದ ಬೇರುಗಳು

ಆ ವಿದ್ಯುತ್ ಎಲ್ಲಿಂದ ಬರುತ್ತದೆ? ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಅದೂ ಕಾವೇರಿಯ ಕೊಡುಗೆಯೇ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೇಂದ್ರದಿಂದ ಮೊದಲು ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದರು. ಆಮೇಲೆ ಅದೇ ಕೇಂದ್ರದಿಂದ ಬೆಂಗಳೂರಿನ ಬೀದಿಗಳು ಬೆಳಗಿದವು.

ಇಂದು ಬೆಂಗಳೂರಿನ ಒಂದು ದೀಪಕ್ಕೆ ಹಲವು ಬೇರುಗಳು. ಒಂದು ಬೇರು ಶರಾವತಿ ಕಣಿವೆಯಲ್ಲಿದೆ. ಅಲ್ಲಿ 1960ರ ದಶಕದಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಹಲವು ಊರುಗಳು, ಗದ್ದೆಗಳು, ಕಾಡು ಮುಳುಗಿದವು. ಇನ್ನೊಂದು ಬೇರು ರಾಯಚೂರು, ಬಳ್ಳಾರಿಗಳ ಶಾಖೋತ್ಪನ್ನ ಸ್ಥಾವರಗಳಲ್ಲಿದೆ. ಅಲ್ಲಿ ಕಲ್ಲಿದ್ದಲು ಉರಿಯುತ್ತದೆ. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಯಿಲ್ಲ. ಅದು ಹೊರ ರಾಜ್ಯಗಳಿಂದ ರೈಲಿನಲ್ಲಿ ಬರಬೇಕು. ಒಂದು ಯೂನಿಟ್ ವಿದ್ಯುತ್ತಿಗೆ ಅರ್ಧ ಕಿಲೋಗ್ರಾಂಗಿಂತ ಹೆಚ್ಚು ಕಲ್ಲಿದ್ದಲು ಬೇಕು. ಚಿತ್ರದುರ್ಗ, ಗದಗದ ಗಾಳಿಯಂತ್ರಗಳು, ಪಾವಗಡದ ಸೌರ ಫಲಕಗಳು, ಕೈಗಾದ ಅಣು ಸ್ಥಾವರ ಇವೂ ಬೇರುಗಳೇ.

ವಾಹನಗಳ ಇಂಧನವೂ ದೂರದಿಂದ ಬರುತ್ತದೆ. ಹೊರದೇಶಗಳ ಕಚ್ಚಾ ತೈಲ ಹಡಗಿನಲ್ಲಿ ಮಂಗಳೂರಿಗೆ ಬರುತ್ತದೆ. ಅಲ್ಲಿ ಅದರಿಂದ ಪೆಟ್ರೋಲು, ಡೀಸೆಲ್ ಬೇರ್ಪಡಿಸುತ್ತಾರೆ. ಅವು ಹಾಸನದ ಮೂಲಕ ನೆಲದಡಿಯ ಉದ್ದನೆಯ ಕೊಳವೆಯಲ್ಲಿ ಬೆಂಗಳೂರಿನ ಕಡೆಗೆ ಹರಿಯುತ್ತವೆ.

ಊಟ ಮತ್ತು ಎಲುಬು

ಇನ್ನು ಊಟ. ಕೋಲಾರದ ಟೊಮೆಟೊ, ಚಿತ್ರದುರ್ಗ ಮತ್ತು ಗದಗದ ಈರುಳ್ಳಿ, ಕಲಬುರಗಿಯ ತೊಗರಿಬೇಳೆ, ಗಂಗಾವತಿ, ಸಿಂಧನೂರಿನ ಅಕ್ಕಿ, ತಿಪಟೂರಿನ ತೆಂಗಿನಕಾಯಿ. ಇವೆಲ್ಲ ಸೇರಿದರೆ ಬೆಂಗಳೂರಿನಲ್ಲಿ ಒಂದು ತಟ್ಟೆ ಅನ್ನ ಸಾರು.

ನಗರದ ಎಲುಬು ಯಾವುದು? ಕಟ್ಟಡ, ರಸ್ತೆ, ಸೇತುವೆಗಳು. ಇವಕ್ಕೆ ಜಲ್ಲಿ, ಮರಳು, ಸಿಮೆಂಟು, ಕಬ್ಬಿಣ ಬೇಕು. ಕಲಬುರಗಿ ಜಿಲ್ಲೆಯ ಸುಣ್ಣಕಲ್ಲು ಸಿಮೆಂಟಾಗುತ್ತದೆ. ಎಲ್ಲೋ ಒಂದು ಗುಡ್ಡ ಕರಗಿ ಇಲ್ಲಿ ಒಂದು ಕಟ್ಟಡ ಏಳುತ್ತದೆ. ನೀರು, ಊಟದ ಹಾಗೆ ಇವು ಬೇಗ ಹೊರಗೆ ಹೋಗುವುದಿಲ್ಲ. ನಗರದ ಮೈಯಲ್ಲೇ ಉಳಿದು ಅದನ್ನು ದೊಡ್ಡದು ಮಾಡುತ್ತವೆ. ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವ ಜಾಗ ಹಿಂದೆ ಧರ್ಮಾಂಬುಧಿ ಕೆರೆಯಾಗಿತ್ತು. ಸಂಪಂಗಿ ಕೆರೆಯ ಜಾಗದಲ್ಲಿ ಈಗ ಕಂಠೀರವ ಕ್ರೀಡಾಂಗಣವಿದೆ. ಎಲುಬು ಬೆಳೆಯುತ್ತಾ ಹತ್ತಿರದ ನೀರಿನ ಪಾತ್ರೆಗಳನ್ನೇ ನುಂಗಿತು. ಹತ್ತಿರದ ನೀರು ಹೋದಂತೆ ದೂರದ ನೀರಿಗೆ ಕೈಚಾಚಬೇಕಾಯಿತು.

ಒಳಗೆ ಹೋದದ್ದು ಎಲ್ಲಿಗೆ?

ಈಗ ಪುಸ್ತಕದ ಇನ್ನೊಂದು ಪುಟ ತಿರುಗಿಸೋಣ. ಮನೆಗೆ ಬಂದ ನೀರಿನಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಬಚ್ಚಲು, ಶೌಚಾಲಯ, ಪಾತ್ರೆ ತೊಳೆಯುವ ಜಾಗದಿಂದ ಕೊಳಚೆಯಾಗಿ ಹೊರಡುತ್ತದೆ. ಎಷ್ಟೋ ವರ್ಷ ಅದರಲ್ಲಿ ದೊಡ್ಡ ಪಾಲು ಶುದ್ಧವಾಗದೆ ರಾಜಕಾಲುವೆಗಳಲ್ಲಿ ಹರಿದು ಕೆರೆಗಳನ್ನು ಸೇರಿತು. ಬೆಳ್ಳಂದೂರು ಕೆರೆಯಲ್ಲಿ ಬಿಳಿ ನೊರೆ ಎದ್ದು ರಸ್ತೆಗೆ ಹಾರಿತು. 2017ರ ಫೆಬ್ರುವರಿಯಲ್ಲಿ ಮತ್ತು 2018ರ ಜನವರಿಯಲ್ಲಿ ಆ ಕೆರೆಗೆ ಬೆಂಕಿಯೇ ಬಿತ್ತು. ಕೆರೆಗೆ ಬೆಂಕಿ! ಬೆಂಕಿ ಆರಿಸಬೇಕಾದ ನೀರೇ ಹೊಗೆಯಾಡಿತು.

ಆ ಕೆರೆಯ ನೀರು ವರ್ತೂರು ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿ ನದಿಗೆ, ಅಲ್ಲಿಂದ ತಮಿಳುನಾಡಿನ ಹೊಸೂರಿನ ಕಡೆಗೆ ಹೋಗುತ್ತದೆ. ನೊರೆಯೂ ಜೊತೆಗೆ ಹೋಗುತ್ತದೆ.

ಒಣಕಸ, ಹಸಿಕಸ ಸೇರಿದ ರಾಶಿಯೂ ಹೀಗೆಯೇ. ಬೆಂಗಳೂರಿನಲ್ಲಿ ದಿನಕ್ಕೆ ಸಾವಿರಾರು ಟನ್ ಕಸ ಹುಟ್ಟುತ್ತದೆ. ಎಷ್ಟೋ ವರ್ಷ ಅದನ್ನು ಮಾವಳ್ಳಿಪುರ, ಮಂಡೂರಿನಂಥ ಹಳ್ಳಿಗಳ ಪಕ್ಕದಲ್ಲಿ ಸುರಿದರು. ಹಸಿಕಸ ಗಾಳಿ ಸಿಗದೆ ಕೊಳೆತರೆ ಮೀಥೇನ್ ಅನಿಲ ಹುಟ್ಟುತ್ತದೆ. ಅದಕ್ಕೆ ಬೆಂಕಿ ಹಿಡಿಯುವ ಗುಣವಿದೆ. ಕಸದಿಂದ ಬಸಿಯುವ ಕಪ್ಪು ರಸ ನೆಲಕ್ಕಿಳಿದು ಬಾವಿಯ ನೀರು ಕೆಡಿಸುತ್ತದೆ. ನಾತ, ನೊಣಗಳ ಕಾಟ ಬೇರೆ. ಆ ಕಸ ಮಂಡೂರಿನ ಮಕ್ಕಳು ಎಸೆದದ್ದಲ್ಲ. ಆದರೆ ಮೂಗು ಮುಚ್ಚಿಕೊಂಡು ಓಡಾಡಬೇಕಾದವರು ಅವರು. ಹಳ್ಳಿಯವರ ಹೋರಾಟದ ನಂತರ 2014ರ ಡಿಸೆಂಬರ್‌ನಿಂದ ಮಂಡೂರಿಗೆ ಕಸ ಸುರಿಯುವುದು ನಿಂತಿತು.

ಹೀಗಾಗಿ ಬೆಂಗಳೂರಿಗೂ ತಿಪ್ಪೆ ಇತ್ತು. ಆದರೆ ಅದು ಬೇರೆಯವರ ಅಂಗಳದಲ್ಲಿತ್ತು. ಅದರಿಂದ ಹೊಲಕ್ಕೆ ಗಾಡಿ ಹೋಗಲಿಲ್ಲ.

ಕೆರೆಗೆ ಗೊಬ್ಬರ, ಹೊಲಕ್ಕೆ ಕೊರತೆ

ಒಂದು ಟೊಮೆಟೊ ಗಿಡದ ಕಥೆ ಕೇಳಿ. ಅದು ಬೆಳೆಯಲು ರಂಜಕ ಬೇಕು. ರಂಜಕದ ಗೊಬ್ಬರವನ್ನು ಒಂದು ಬಗೆಯ ಕಲ್ಲಿನಿಂದ ತಯಾರಿಸುತ್ತಾರೆ. ನಮ್ಮ ದೇಶ ಅದರ ಹೆಚ್ಚಿನ ಪಾಲನ್ನು ಹೊರದೇಶಗಳಿಂದ ಕೊಳ್ಳುತ್ತದೆ. ಆ ಗೊಬ್ಬರವನ್ನು ಕೋಲಾರದ ರೈತರು ಹೊಲಕ್ಕೆ ಹಾಕುತ್ತಾರೆ. ರಂಜಕ ಟೊಮೆಟೊ ಸೇರುತ್ತದೆ, ಟೊಮೆಟೊ ಬೆಂಗಳೂರು ಸೇರುತ್ತದೆ. ಬೆಳೆದ ಮನುಷ್ಯನ ದೇಹ ತಾನು ತಿಂದ ರಂಜಕದ ಬಹುಪಾಲನ್ನು ಮಲಮೂತ್ರದಲ್ಲಿ ಹೊರಹಾಕುತ್ತದೆ. ಅದು ಕೊಳಚೆ ನೀರಿನಲ್ಲಿ ಹರಿದು ಕೆರೆ ಸೇರುತ್ತದೆ. ಬಟ್ಟೆ ಒಗೆಯುವ ಪುಡಿಗಳ ರಂಜಕವೂ ಅಲ್ಲಿಗೇ ಬರುತ್ತದೆ.

ಗೊಬ್ಬರ ಸಿಕ್ಕಿದರೆ ಗಿಡ ಬೆಳೆಯಲೇಬೇಕಲ್ಲ? ಕೆರೆಯಲ್ಲಿ ಜೊಂಡು, ಅಂತರಗಂಗೆ, ಪಾಚಿ ಸೊಕ್ಕಿ ಬೆಳೆಯುತ್ತವೆ. ಅವು ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಮುಗಿಯುತ್ತದೆ. ಮೀನುಗಳು ಸಾಯುತ್ತವೆ. ಅತ್ತ ಕೋಲಾರದ ರೈತರು ಮತ್ತೆ ದುಡ್ಡು ಕೊಟ್ಟು ಗೊಬ್ಬರದ ಚೀಲ ತರುತ್ತಾರೆ. ಒಂದೇ ವಸ್ತು ಹೊಲದಲ್ಲಿ ಇದ್ದಿದ್ದರೆ ಬೆಳೆಗೆ ಬಲ, ಕೆರೆಗೆ ಬಂದರೆ ಕೆರೆಗೆ ರೋಗ.

ಹಳ್ಳಿಯ ತಿಪ್ಪೆ ಚಕ್ರವಾಗಿತ್ತು. ನಗರದ ದಾರಿ ಒಂದು ನೇರ ಗೆರೆ. ಒಂದು ತುದಿಯಲ್ಲಿ ಗಣಿ, ನದಿ, ಹೊಲ ಬರಿದಾಗುತ್ತವೆ. ಇನ್ನೊಂದು ತುದಿಯಲ್ಲಿ ಕೆರೆ, ಹಳ್ಳಿ, ಗಾಳಿ ತುಂಬಿ ಕೆಡುತ್ತವೆ. ಇದು ಬಹುಕಾಲ ನಡೆಯಲಾರದು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸಾವಿರಾರು ಕೊಳವೆಬಾವಿಗಳು ಬತ್ತಿ, ಜನ ಟ್ಯಾಂಕರ್ ನೀರಿಗೆ ಕಾಯಬೇಕಾಯಿತು. ನಮಗೂ ಸಾಲಬೇಕು, ಮುಂದೆ ಹುಟ್ಟುವವರಿಗೂ ಉಳಿಯಬೇಕು ಎಂಬ ರೀತಿಯ ಬದುಕಿಗೆ ಸುಸ್ಥಿರ ಬದುಕು ಎನ್ನುತ್ತಾರೆ. ನೇರ ಗೆರೆಯಲ್ಲಿ ಸುಸ್ಥಿರ ಬದುಕು ಸಾಧ್ಯವಿಲ್ಲ.

ವಸ್ತು ತಿರುಗುತ್ತದೆ, ಶಕ್ತಿ ತಿರುಗದು

ಹಾಗಾದರೆ ಎಲ್ಲವನ್ನೂ ಚಕ್ರ ಮಾಡಿಬಿಡೋಣವೇ? ಇಲ್ಲಿ ಪ್ರಕೃತಿಯ ಒಂದು ನಿಯಮ ತಿಳಿದಿರಬೇಕು.

ನೀರು, ರಂಜಕ, ಕಬ್ಬಿಣ, ಕಾಗದ ಇವೆಲ್ಲ ವಸ್ತುಗಳು. ಇವನ್ನು ಮತ್ತೆ ಮತ್ತೆ ಬಳಸಬಹುದು. ಆದರೆ ಶಕ್ತಿ ಹಾಗಲ್ಲ. ಬಲ್ಬಿನ ಬೆಳಕು ಗೋಡೆಗೆ ಬಿದ್ದು ಕೊನೆಗೆ ಶಾಖವಾಗುತ್ತದೆ. ಬಸ್ಸು ಬ್ರೇಕು ಹಾಕಿದಾಗ ಅದರ ಚಲನೆ ಶಾಖವಾಗುತ್ತದೆ. ಆ ಶಾಖ ಗಾಳಿಯಲ್ಲಿ ಚದುರಿಹೋಗುತ್ತದೆ. ಅದನ್ನು ಹಿಡಿದು ಮತ್ತೆ ಬಲ್ಬು ಉರಿಸಲಾಗದು. ಶಕ್ತಿ ನಾಶವಾಗುವುದಿಲ್ಲ, ನಿಜ. ಆದರೆ ಕೆಲಸಕ್ಕೆ ಬಾರದ ರೂಪಕ್ಕೆ ಇಳಿಯುತ್ತದೆ.

ಆದ್ದರಿಂದ ನಗರಕ್ಕೆ ಎರಡು ಪಾಠಗಳು. ವಸ್ತುವನ್ನು ಚಕ್ರದಲ್ಲಿ ತಿರುಗಿಸಬೇಕು. ಶಕ್ತಿಯನ್ನು ಹಿತಮಿತವಾಗಿ ಬಳಸಬೇಕು, ಆದಷ್ಟೂ ದಿನದಿನವೂ ಹೊಸದಾಗಿ ಸಿಗುವ ಬಿಸಿಲು, ಗಾಳಿಗಳಿಂದ ಪಡೆಯಬೇಕು. ಹಳೆಯ 60 ವ್ಯಾಟ್ ಬಲ್ಬು ಕೊಡುತ್ತಿದ್ದ ಬೆಳಕನ್ನು 9 ವ್ಯಾಟ್‌ನ ಎಲ್‌ಇಡಿ ಬಲ್ಬು ಕೊಡುತ್ತದೆ. ಬೆಳಕು ಅಷ್ಟೇ, ಖರ್ಚು ಆರರಲ್ಲಿ ಒಂದು ಪಾಲಿಗಿಂತ ಕಡಿಮೆ. ಒಬ್ಬರೇ ಕಾರಿನಲ್ಲಿ ಹೋಗುವ ಬದಲು ಐವತ್ತು ಜನ ಒಂದು ಬಸ್ಸಿನಲ್ಲಿ ಹೋಗುವುದೂ ಇದೇ ಬಗೆಯ ಜಾಣತನ.

ಗೆರೆಯನ್ನು ಬಾಗಿಸುವ ಕೆಲಸ

ಗೆರೆಯನ್ನು ಬಾಗಿಸಿ ಚಕ್ರ ಮಾಡುವ ಪ್ರಯತ್ನಗಳು ನಡೆದಿವೆ. ಕೋಲ್ಕತ್ತ ನಗರದ ಪೂರ್ವಕ್ಕೆ ಸುಮಾರು 12,500 ಹೆಕ್ಟೇರಿನ ಜೌಗು ಪ್ರದೇಶವಿದೆ. ನಗರದ ಕೊಳಚೆ ನೀರು ಅಲ್ಲಿನ ಆಳವಿಲ್ಲದ ಕೊಳಗಳಿಗೆ ಹೋಗುತ್ತದೆ. ಬಿಸಿಲು ಮತ್ತು ಸೂಕ್ಷ್ಮಜೀವಿಗಳು ನೀರನ್ನು ತಿಳಿಗೊಳಿಸುತ್ತವೆ. ಕೊಳಚೆಯ ಪೋಷಕಾಂಶ ಉಂಡು ಪಾಚಿ ಬೆಳೆಯುತ್ತದೆ. ಪಾಚಿ ತಿಂದು ಮೀನು ಬೆಳೆಯುತ್ತದೆ. ಮೀನು ಮತ್ತೆ ನಗರದ ಅಡುಗೆಮನೆ ಸೇರುತ್ತದೆ. ಮೀನುಗಾರರು ಅನುಭವದಿಂದಲೇ ರೂಪಿಸಿದ ಈ ವ್ಯವಸ್ಥೆಗೆ 2002ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣವೆಂಬ ಮನ್ನಣೆ ಸಿಕ್ಕಿತು.

ನಮ್ಮಲ್ಲೂ 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಇದು ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆ. ಬರಗಾಲದ ಜಿಲ್ಲೆಯ ಒಣಗಿದ ಕೆರೆಗಳಲ್ಲಿ ನೀರು ಕಂಡಿತು, ಸುತ್ತಲ ಕೊಳವೆಬಾವಿಗಳಲ್ಲೂ ನೀರು ಏರಿತು. ಆದರೆ ಕೋಲಾರದ ಜನ ಒಂದು ಪ್ರಶ್ನೆಯನ್ನೂ ಕೇಳಿದ್ದಾರೆ. ಈ ನೀರಿಗೆ ಎರಡು ಹಂತದ ಶುದ್ಧೀಕರಣ ಮಾತ್ರ ಆಗುತ್ತದೆ, ಮೂರನೆಯ ಹಂತವೂ ಬೇಡವೇ ಎಂದು. ಸರಿಯಾದ ಪ್ರಶ್ನೆಯೇ. ಚಕ್ರ ತಿರುಗಿದರೆ ಸಾಲದು, ಚಕ್ರದಲ್ಲಿ ವಿಷ ತಿರುಗಬಾರದು. ಹಸಿಕಸದ ಜೊತೆ ಬ್ಯಾಟರಿ, ಗಾಜು, ಪ್ಲಾಸ್ಟಿಕ್ ಬೆರೆಸಿದರೆ ಗೊಬ್ಬರವೂ ಕೆಡುತ್ತದೆ. ಬೇರ್ಪಡಿಸುವ ಕೆಲಸ ಮನೆಯ ಬಾಗಿಲಲ್ಲೇ ಆಗಬೇಕು ಎನ್ನುವುದು ಇದಕ್ಕೇ.

ಮಳೆಯನ್ನೂ ಮರೆಯಬಾರದು. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 950 ಮಿಲಿಮೀಟರಿಗಿಂತ ಹೆಚ್ಚು ಮಳೆಯಾಗುತ್ತದೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಅಂದರೆ 100 ಚದರ ಮೀಟರ್ ಚಾವಣಿಯ ಮೇಲೆ ವರ್ಷಕ್ಕೆ 95,000 ಲೀಟರ್ ಬೀಳುತ್ತದೆ. ಈ ನೀರನ್ನು ಯಾರೂ 500 ಮೀಟರ್ ಏರಿಸಬೇಕಿಲ್ಲ. ಅದು ಮೇಲಿನಿಂದಲೇ ಬರುತ್ತದೆ!

ನೀವೇ ಮಾಡಿ ನೋಡಿ

1. ಸೋರುವ ನಲ್ಲಿಯ ಕೆಳಗೆ 10 ನಿಮಿಷ ಒಂದು ಪಾತ್ರೆ ಇಡಿ. ಬಿದ್ದ ನೀರನ್ನು ಅಳೆದು 144ರಿಂದ ಗುಣಿಸಿ. ಅದು ಒಂದು ದಿನದ ಸೋರಿಕೆ. 200 ಮಿಲಿಲೀಟರಿನ ಒಂದು ಲೋಟ ತುಂಬಿದ್ದರೆ ದಿನಕ್ಕೆ ಸುಮಾರು 29 ಲೀಟರ್, ಅಂದರೆ ಹೆಚ್ಚುಕಡಿಮೆ ಎರಡು ಬಿಂದಿಗೆ ನೀರು ಹಾಳು.

2. ನಿಮ್ಮ ಶಾಲೆಯ ಚಾವಣಿಯ ಉದ್ದ, ಅಗಲ ಅಳೆಯಿರಿ. ನಿಮ್ಮ ತಾಲ್ಲೂಕಿನ ವಾರ್ಷಿಕ ಮಳೆ ಎಷ್ಟೆಂದು ಶಿಕ್ಷಕರನ್ನು ಕೇಳಿ. ಚಾವಣಿಗೆ ಬೀಳುವ ನೀರು ಎಷ್ಟು ಲೀಟರ್?

3. ಒಂದು ವಾರ ಶಾಲೆಯ ಲೆಕ್ಕದ ಪುಸ್ತಕ ಬರೆಯಿರಿ. ಒಂದು ಪುಟದಲ್ಲಿ ಶಾಲೆಯೊಳಗೆ ಬಂದದ್ದು: ನೀರು, ಬಿಸಿಯೂಟದ ಅಕ್ಕಿ, ಬೇಳೆ, ತರಕಾರಿ, ಕಾಗದ, ವಿದ್ಯುತ್. ಎದುರು ಪುಟದಲ್ಲಿ ಹೊರಗೆ ಹೋದದ್ದು. ಪ್ರತಿಯೊಂದರ ಮುಂದೆ "ಎಲ್ಲಿಂದ ಬಂತು?", "ಎಲ್ಲಿಗೆ ಹೋಯಿತು?" ಎಂದು ಬರೆಯಿರಿ. ಕಸವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

4. ಬಿಸಿಯೂಟದ ತರಕಾರಿ ಸಿಪ್ಪೆ, ತರಗೆಲೆ, ಸ್ವಲ್ಪ ಮಣ್ಣನ್ನು ಪದರಪದರವಾಗಿ ಒಂದು ಗುಂಡಿಗೆ ಹಾಕಿ. ತೇವ ಆರದಂತೆ ನೋಡಿಕೊಳ್ಳಿ. ಆಗಾಗ ಕೋಲಿನಿಂದ ತಿರುವಿ ಹಾಕಿ, ಗಾಳಿ ಒಳಗೆ ಹೋಗಲಿ. ಎರಡು ಮೂರು ತಿಂಗಳಲ್ಲಿ ಅದು ಕಪ್ಪು ಗೊಬ್ಬರವಾಗುತ್ತದೆ. ಶಾಲಾ ಕೈತೋಟಕ್ಕೆ ಹಾಕಿ.

ಲೆಕ್ಕದ ಪುಸ್ತಕ ತುಂಬಿದ ಮೇಲೆ "ಎಲ್ಲಿಗೆ ಹೋಯಿತು?" ಎಂಬ ಸಾಲನ್ನು ಮತ್ತೊಮ್ಮೆ ಓದಿ. ಅಲ್ಲಿ "ಹೊರಗೆ ಎಸೆದೆವು" ಎಂದು ಬರೆದಿದ್ದೀರಾ? ಹಾಗಿದ್ದರೆ ಆ "ಹೊರಗೆ" ಎಂಬ ಜಾಗದಲ್ಲಿ ಯಾರು ವಾಸಿಸುತ್ತಾರೆ ಎಂದು ವಿಚಾರಿಸಿ. ಅಲ್ಲಿಯೂ ಒಂದು ಊರಿರುತ್ತದೆ, ಒಂದು ಬಾವಿಯಿರುತ್ತದೆ, ನಿಮ್ಮಂಥದೇ ಒಂದು ಶಾಲೆಯಿರುತ್ತದೆ.